ಕೊಡೆ ಅಂಗಡಿಗೆ ಹಳೇ ಕಾಲದ ಕಾರ್ಟೂನ್ ಜಾಹೀರಾತು ಮಾಡಬೇಕು, ಸಲಹೆ ಕೊಡಿ

ಕೊಡೆ ಅಂಗಡಿ ಮಗಳು, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಗಾಂಧಿ ಬಜಾರಿನ ಒಂದು ಅಡ್ಡರಸ್ತೆಯಲ್ಲಿ ನಮ್ಮದು ಕೊಡೆ ಅಂಗಡಿ. ಅಜ್ಜ ಶುರು ಮಾಡಿದ್ದು, ಈಗ ಅಪ್ಪ ಕೂರುತ್ತಾರೆ. ಹೊಸ ಕೊಡೆ ಮಾರುವುದರ ಜೊತೆ ರಿಪೇರಿಯೂ ಉಂಟು. ಕಡ್ಡಿ ಮುರಿದಿದ್ದು, ಬಟ್ಟೆ ಹರಿದಿದ್ದು, ಹಿಡಿಕೆ ಸಡಿಲ ಆಗಿದ್ದು, ಎಲ್ಲ ಸರಿ ಮಾಡಿ ಕೊಡುತ್ತಾರೆ. ಈಚೆಗೆ ಕೊಡೆ ಕೆಟ್ಟರೆ ಜನ ಎಸೆದುಬಿಟ್ಟು ಫೋನಿನಲ್ಲೇ ಇನ್ನೊಂದು ತರಿಸಿಕೊಳ್ಳುತ್ತಾರೆ. ರಿಪೇರಿ ಮಾಡುವ ಅಂಗಡಿ ಊರಲ್ಲೇ ಇದೆ ಅನ್ನೋದು ಕಾಲೇಜು ಹುಡುಗರಿಗೆ ಗೊತ್ತೇ ಇಲ್ಲ.

ಹಾಗಾಗಿ ಮುಂಗಾರಿಗೆ ಮುಂಚೆ 30 ಸೆಕೆಂಡಿನ ಒಂದು ವಿಡಿಯೊ ಮಾಡಿಸೋಣ ಅಂತ ಆಸೆ. ಕಪ್ಪು ಬಿಳುಪು, ಹಳೇ ಕಾರ್ಟೂನ್ ಥರ, ಕೈಕಾಲು ಇರುವ ಒಂದು ಕೊಡೆ ಕುಣಿಯಬೇಕು. ಒಬ್ಬರು ಸ್ಯಾಂಪಲ್ ಮಾಡಿ ತೋರಿಸಿದರು. ಯಾವುದೋ ವಿದೇಶದ ಬೀದಿ, ಹ್ಯಾಟು ಹಾಕಿದ ಮನುಷ್ಯ, ಮೇಲೆ ಗೀರುಗಳ ಫಿಲ್ಟರ್. ನೋಡಿದ ಅಪ್ಪ, "ಇದು ಯಾರ ಅಂಗಡಿ?" ಅಂತ ಕೇಳಿದರು.

ಚಿಕ್ಕಪ್ಪನ ಮಗ ಚೆನ್ನಾಗಿ ಚಿತ್ರ ಬರೆಯುತ್ತಾನೆ. ನಾವೇ ಮಾಡಬಹುದಾ? ಎಷ್ಟು ಚಿತ್ರ ಬೇಕು? ಹಾಡು ಏನು ಹಾಕೋದು? ದುಡ್ಡು ಜಾಸ್ತಿ ಇಲ್ಲ.

ಫ್ರೇಮ್ ಲೆಕ್ಕ

ಖಂಡಿತ ಮಾಡಬಹುದು. ನಾನು ಬೆಂಗಳೂರಿನಲ್ಲಿ ಆ್ಯನಿಮೇಶನ್ ಕೆಲಸ ಮಾಡುವವನು, ಊರು ದುರ್ಗಿಗುಡಿ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಇದು ನನಗೆ ಬಹಳ ಇಷ್ಟದ ವಿಷಯ.

ಮೊದಲು ಯಾವ ಹಳೇ ಕಾಲ ಅಂತ ತೀರ್ಮಾನ ಮಾಡಿ. ನೀವು ಹೇಳುತ್ತಿರುವುದು 1920 ಮತ್ತು 30ರ ದಶಕದ ಅಮೆರಿಕದ ಶೈಲಿ. ಅದಕ್ಕೆ ರಬ್ಬರ್ ಹೋಸ್ ಅನ್ನುತ್ತಾರೆ. ಕೈಕಾಲಿಗೆ ಮೊಣಕೈ, ಮೊಣಕಾಲು ಇರುವುದಿಲ್ಲ, ಪೈಪಿನ ಹಾಗೆ ಬಾಗುತ್ತವೆ. ನಮ್ಮ ದೇಶದ ಹಳೇ ಕಾರ್ಟೂನ್ ಬೇರೆ ಥರ. ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಷನ್ನಿನ ಕಾರ್ಟೂನ್ ವಿಭಾಗ ಶುರುವಾಗಿದ್ದು 1956ರಲ್ಲಿ. ಅಲ್ಲಿಂದ ಬಂದ ಎಷ್ಟೋ ಚಿತ್ರಗಳಲ್ಲಿ ಚಲನೆ ಕಡಿಮೆ, ವಿನ್ಯಾಸ ಜಾಸ್ತಿ. ದೂರದರ್ಶನಕ್ಕೆ 1982ರಲ್ಲಿ ಬಣ್ಣ ಬಂತು, ಅಲ್ಲಿಂದ ಮುಂದೆ ಇನ್ನೊಂದು ರುಚಿ. ಇವನ್ನೆಲ್ಲ ಒಂದೇ ವಿಡಿಯೊದಲ್ಲಿ ಕಲಸಿದರೆ ಯಾವುದೂ ಆಗುವುದಿಲ್ಲ. ನಿಮ್ಮ ಕೊಡೆಗೆ ರಬ್ಬರ್ ಹೋಸ್ ಸರಿಯಾಗಿ ಹೊಂದುತ್ತದೆ. ಹಿಡಿಕೆ ಮೊದಲೇ ಬಾಗಿದೆ, ಕಡ್ಡಿಗಳು ಮಡಚುತ್ತವೆ, ಬಿಚ್ಚುತ್ತವೆ. ದೇಹವೇ ಕುಣಿಯೋಕೆ ಹುಟ್ಟಿದ್ದು.

ಈಗ ಲೆಕ್ಕ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್. ಕಾರ್ಟೂನಿನಲ್ಲಿ ಒಂದೊಂದು ಚಿತ್ರವನ್ನು ಎರಡು ಫ್ರೇಮ್ ಹಿಡಿದರೆ ಸಾಕು, ಅಂದರೆ ಸೆಕೆಂಡಿಗೆ 12 ಚಿತ್ರ. 30 ಸೆಕೆಂಡಿಗೆ 360. ಗಾಬರಿ ಬೇಡ, ಅಷ್ಟೂ ಹೊಸದಾಗಿ ಬರೆಯಬೇಕಿಲ್ಲ. ಹಾಡಿನ ವೇಗ ನಿಮಿಷಕ್ಕೆ 120 ಪೆಟ್ಟು ಇಟ್ಟುಕೊಳ್ಳಿ. ಆಗ ಒಂದು ಪೆಟ್ಟಿಗೆ ಸರಿಯಾಗಿ 12 ಫ್ರೇಮ್ ಬರುತ್ತದೆ. ಕೊಡೆ ಪೆಟ್ಟಿಗೊಂದು ಹೆಜ್ಜೆ ಇಟ್ಟರೆ ಎಡ ಬಲ ಎರಡು ಹೆಜ್ಜೆಗೆ 24 ಫ್ರೇಮ್, ಚಿತ್ರ 12. ಆ 12 ಚಿತ್ರ ಮತ್ತೆ ಮತ್ತೆ ಓಡಿಸಿದರೆ ಕೊಡೆ ಗಾಂಧಿ ಬಜಾರಿನ ಉದ್ದಕ್ಕೂ ನಡೆಯುತ್ತದೆ. ಆಗಿನವರೂ ಹೀಗೇ ಮಾಡುತ್ತಿದ್ದರು. ಮೊದಲು ತಾಳ, ಆಮೇಲೆ ಚಿತ್ರ. ಹಾಡು ಗೊತ್ತಾಗುವ ತನಕ ಪೆನ್ಸಿಲ್ ಮುಟ್ಟಬೇಡಿ.

ಒಂದು ಸಮಸ್ಯೆ ಬರುತ್ತದೆ, ಈಗಲೇ ಹೇಳುತ್ತೇನೆ. ಕೊಡೆ ಕಪ್ಪು, ಕೈಯೂ ಕಪ್ಪು. ಕೈ ಮೈ ಮುಂದೆ ಬಂದಾಗ ಕಾಣುವುದೇ ಇಲ್ಲ. ಹಳೇ ಕಾರ್ಟೂನುಗಳಲ್ಲಿ ಬಿಳಿ ಕೈಗವಸು ಬಂದಿದ್ದಕ್ಕೆ ಇದೂ ಒಂದು ಕಾರಣ. ಹಾಗಂತ ನಮ್ಮೂರ ಕೊಡೆಗೆ ಕೈಗವಸು ಬೇಡ ಅಂತ ನನ್ನ ಅಭಿಪ್ರಾಯ. ಕೈಯನ್ನು ಯಾವಾಗಲೂ ದೇಹದಿಂದ ಆಚೆ, ಬಿಳಿ ಗೋಡೆಯ ಮುಂದೆ ಬರುವಂತೆ ಇಡಿ. ಚಿತ್ರಕ್ಕೆ ಪೂರ್ತಿ ಕಪ್ಪು ತುಂಬಿ ನೋಡಿ. ಆಗಲೂ ಏನು ಮಾಡುತ್ತಿದೆ ಅಂತ ಗೊತ್ತಾದರೆ ಆ ಚಿತ್ರ ಸರಿ ಇದೆ.

ಸಾಫ್ಟ್‌ವೇರಿಗೆ ದುಡ್ಡು ಬೇಡ. ಕ್ರಿಟಾ ಸಾಕು. ಓಪನ್‌ಟೂನ್ಜ್ ಕೂಡ ಉಚಿತ, 2016ರಿಂದ ಎಲ್ಲರಿಗೂ ಸಿಗುತ್ತಿದೆ. ಅದರ ಮೂಲ ತಂತ್ರಾಂಶವನ್ನು ಜಪಾನಿನ ಗಿಬ್ಲಿ ಸ್ಟುಡಿಯೊದವರು ಬಳಸಿದ್ದಾರೆ. ಹುಡುಗನಿಗೆ ಕಾಗದವೇ ಇಷ್ಟ ಅಂದರೆ ಇನ್ನೂ ಒಳ್ಳೆಯದು. ಹಲಗೆಗೆ ಎರಡು ಬೋಲ್ಟ್ ಕೂರಿಸಿ. ಆಫೀಸಿನ ಪಂಚಿಂಗ್ ಮಷಿನ್ನಿನಲ್ಲಿ ಹಾಳೆಗೆ ತೂತು ಹೊಡೆದು ಅದಕ್ಕೆ ಸಿಕ್ಕಿಸಿ. ಎಲ್ಲ ಹಾಳೆ ಒಂದೇ ಜಾಗದಲ್ಲಿ ಕೂರುತ್ತವೆ. ಮೇಲಿಂದ ಫೋನು. ಫೋಕಸ್ಸು, ಬೆಳಕು ಎರಡೂ ಲಾಕ್ ಮಾಡಿ ಫೋಟೊ ತೆಗೆಯಿರಿ.

ತೀರ್ಥಹಳ್ಳಿ ಮಳೆ

ಮೇಲಿನವರು ಕೊಡೆ ಬಗ್ಗೆ ಹೇಳಿದರು, ನಾನು ಮಳೆ ಬಗ್ಗೆ ಹೇಳುತ್ತೇನೆ. ದಯವಿಟ್ಟು ನೆಟ್ಟಗೆ ನಾಲ್ಕು ಗೆರೆ ಎಳೆದು ಮಳೆ ಅನ್ನಬೇಡಿ. ನಮ್ಮ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಜಾಸ್ತಿ ಬೀಳುತ್ತದೆ. ಇಲ್ಲಿ ಮಳೆಗೆ ನೂರೆಂಟು ನಡಿಗೆ. ಜಿಟಿಜಿಟಿ ಬೇರೆ, ಗಾಳಿ ಹೊಡೆದು ಅಡ್ಡ ಬರುವುದು ಬೇರೆ, ಆರಿದ್ರಾ ಪುನರ್ವಸುವಿನಲ್ಲಿ ಧೋ ಅಂತ ಸುರಿಯುವುದೇ ಬೇರೆ. ಕೊಡೆ ಉಲ್ಟಾ ಆಗುವುದು ಅಡ್ಡ ಮಳೆಗೆ. ನಿಮ್ಮ ಅಂಗಡಿಗೆ ಗಿರಾಕಿ ಬರುವುದೂ ಆಗಲೇ ಅಲ್ವಾ?

ಇನ್ನೊಂದು. ನಮ್ಮ ಕಡೆ ಹಿರಿಯರು ಮಳೆ ಬಿಟ್ಟಾಗ ಕೊಡೆಯನ್ನು ಕೈಯಲ್ಲಿ ಹಿಡಿಯುವುದಿಲ್ಲ. ಅಂಗಿಯ ಕಾಲರಿಗೆ ಹಿಂದಿನಿಂದ ಸಿಕ್ಕಿಸಿಕೊಂಡು, ಎರಡೂ ಕೈ ಬೀಸಿಕೊಂಡು ಹೋಗುತ್ತಾರೆ. ಕೊಡೆ ಬೆನ್ನ ಮೇಲೆ ನೇತಾಡುತ್ತಿರುತ್ತದೆ. ಅದನ್ನು ಹಾಕಿ. ಯಾರಿಗೂ ವಿವರಿಸಬೇಕಿಲ್ಲ, ಮಲೆನಾಡಿನವರು ನೋಡಿದ ಕೂಡಲೇ ನಮ್ಮದು ಅನ್ನುತ್ತಾರೆ. ಗದ್ದೆಯಲ್ಲಿ ನಾಟಿ ಮಾಡುವವರ ತಲೆ ಮೇಲೆ ಮಾತ್ರ ಕೊಡೆ ಇಡಬೇಡಿ. ಅಲ್ಲಿ ಬಿದಿರು, ಎಲೆಯಲ್ಲಿ ಹೆಣೆದ ಗೊರಬು, ಇಲ್ಲದಿದ್ದರೆ ಪ್ಲಾಸ್ಟಿಕ್ ಕೊಪ್ಪೆ.

ಫ್ರೇಮ್ ಲೆಕ್ಕ

ಕಾಲರಿನ ವಿಷಯ ಅದ್ಭುತ. ಮಳೆಗೆ ಮೂರು ಹಾಳೆ ಸಾಕು, ಗೆರೆಗಳ ಜಾಗ ಬೇರೆ ಬೇರೆ ಇರಲಿ. ಒಂದು ಎರಡು ಮೂರು ಅಂತ ಒಂದೇ ಕ್ರಮದಲ್ಲಿ ಓಡಿಸಬೇಡಿ, ಕಣ್ಣಿಗೆ ಗೊತ್ತಾಗುತ್ತದೆ. ಹಿಂದೆ ಮುಂದೆ ಮಾಡಿ.

ಹತ್ತು ನಿಮಿಷ

ಇಷ್ಟೆಲ್ಲ ಯಾಕೆ? ಎಐಗೆ ಎರಡು ಸಾಲು ಬರೆದು ಕೊಟ್ಟರೆ ಹತ್ತು ನಿಮಿಷದಲ್ಲಿ ವಿಡಿಯೊ ಬರುತ್ತದೆ. ಈಗ ಎಲ್ಲರೂ ಅದನ್ನೇ ಮಾಡುತ್ತಿದ್ದಾರೆ.

ಕುಂಚ ಮತ್ತು ದಾರ, ಸಾಗರ

ಎಲ್ಲರೂ ಅದನ್ನೇ ಮಾಡುವುದರಿಂದಲೇ ಇವರ ವಿಡಿಯೊ ಬೇರೆ ಕಾಣಬೇಕು. ನನ್ನ ಕಸುಬು ಬೋರ್ಡ್ ಬರೆಯುವುದು. ಎಐ ವಿಡಿಯೊದಲ್ಲಿ ಕನ್ನಡ ಬೋರ್ಡುಗಳನ್ನು ಗಮನಿಸಿದ್ದೀರಾ? ಒತ್ತಕ್ಷರ ಎಲ್ಲೋ, ಕೊಂಬು ಎಲ್ಲೋ. ಅಂಗಡಿಯ ಹೆಸರೇ ತಪ್ಪಾದರೆ ಜಾಹೀರಾತು ಯಾಕೆ ಬೇಕು? ಈ ಹುಡುಗಿಯ ಅಪ್ಪ ಕೇಳಿದ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ.

ಅಕ್ಷರದ ಬಗ್ಗೆ ನನ್ನ ಮಾತು. ಹಳೇ ಬೋರ್ಡ್ ಬರೆಯುವಾಗ ಮೊದಲು ದಾರಕ್ಕೆ ಸುಣ್ಣದ ಪುಡಿ ಹಚ್ಚಿ, ಎರಡೂ ತುದಿ ಎಳೆದು ಹಿಡಿದು, ನಡುವೆ ಮೀಟುತ್ತೇವೆ. ತಗಡಿನ ಮೇಲೆ ಗೆರೆ ಬೀಳುತ್ತದೆ. ತಲೆಕಟ್ಟಿಗೆ ಒಂದು ಗೆರೆ, ಕೆಳಗೆ ಒಂದು. ಒತ್ತಕ್ಷರಕ್ಕೆ ಅಂತ ಅದರ ಕೆಳಗೆ ಜಾಗ ಬಿಡುತ್ತೇವೆ. ಹೊಸಬರು ಈ ಜಾಗ ಮರೆಯುತ್ತಾರೆ, ಆಗ ಕೆಳಗಿನ ಸಾಲು ಒತ್ತಿಗೆ ಡಿಕ್ಕಿ ಹೊಡೆಯುತ್ತದೆ. ಚಪ್ಪಟೆ ಕುಂಚದಲ್ಲಿ ಅಕ್ಷರ ಎಳೆದ ಮೇಲೆ ಬಲಕ್ಕೂ ಕೆಳಕ್ಕೂ ನೆರಳು. ಎಲ್ಲ ಅಕ್ಷರದ ನೆರಳೂ ಒಂದೇ ದಿಕ್ಕಿಗೆ ಬೀಳಬೇಕು. ನಿಮ್ಮ ಕಪ್ಪು ಬಿಳುಪಿನಲ್ಲಿ ಆ ನೆರಳು ಬೂದು ಬಣ್ಣ ಇರಲಿ.

ಟಾಕೀಸಿನ ಇಂಟರ್‌ವಲ್ಲಿನಲ್ಲಿ ಊರ ಅಂಗಡಿಗಳ ಸ್ಲೈಡ್ ಬರುತ್ತಿದ್ದದ್ದು ನೆನಪಿದೆಯಾ? ಗಾಜಿಗೆ ಬಣ್ಣ ಬಳಿದು, ಸೂಜಿಯಿಂದ ಗೀಚಿ ಅಕ್ಷರ ತೆಗೆಯುವವರಿದ್ದರು. ಕಪ್ಪು ನೆಲ, ಬೆಳಕಿನ ಅಕ್ಷರ. ವಿಡಿಯೊದ ಕೊನೆಗೆ ವಿಳಾಸ ಆ ಥರ ಬರಲಿ. ಅದು ನಮ್ಮೂರಿನ ಹಳೇ ಕಾಲ.

ನನ್ನನ್ನು ಕೇಳಿದರೆ ಬಣ್ಣ ಬೇಕಿತ್ತು. ಗೋಡೆ ಜಾಹೀರಾತು ಅಂದರೆ ಕೆಂಪು, ಹಳದಿ, ನೀಲಿ. ಆದರೆ ಅಂಗಡಿ ನಿಮ್ಮದು.

ಫ್ರೇಮ್ ಲೆಕ್ಕ

ಅಕ್ಷರದ ಬಗ್ಗೆ ಒಂದು ಸೇರಿಸುತ್ತೇನೆ. ಕೆಲವು ವಿಡಿಯೊ ಸಾಫ್ಟ್‌ವೇರುಗಳಲ್ಲಿ ನೇರವಾಗಿ ಕನ್ನಡ ಟೈಪ್ ಮಾಡಿದರೆ ಒತ್ತು ಒಡೆದು ಪಕ್ಕಕ್ಕೆ ಬರುತ್ತದೆ. ಇಂಕ್‌ಸ್ಕೇಪ್ ಅನ್ನೋ ಉಚಿತ ಚಿತ್ರ ಸಾಫ್ಟ್‌ವೇರಿನಲ್ಲಿ ಯೂನಿಕೋಡ್ ಅಕ್ಷರ ಹಾಕಿ, ಪಿಎನ್‌ಜಿ ಚಿತ್ರ ಮಾಡಿ ತನ್ನಿ. ಕೈಬರಹ ಸಿಕ್ಕರೆ ಸ್ಕ್ಯಾನ್ ಮಾಡಿಬಿಡಿ, ಅದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ.

ಹತ್ತು ನಿಮಿಷದವರಿಗೆ: ನಾನೂ ಆ ಉಪಕರಣ ಬಳಸುತ್ತೇನೆ. ಆದರೆ ಅದರಲ್ಲಿ ಕೊಡೆ ಒಂದು ಶಾಟಿನಲ್ಲಿ ಎಂಟು ಕಡ್ಡಿ, ಇನ್ನೊಂದರಲ್ಲಿ ಆರು ಕಡ್ಡಿ ಆಗುತ್ತದೆ. ಕೊಡೆ ರಿಪೇರಿ ಅಂಗಡಿಗೆ ಅದು ನಡೆಯುವುದಿಲ್ಲ.

ಬಿ.ಎಚ್. ರೋಡ್

ಹಾಡು ಯೋಚನೆ ಯಾಕೆ? ಶಂಕರ್ ನಾಗ್ ನಮ್ಮ ಆಗುಂಬೆಯಲ್ಲಿ ತೆಗೆದ ಧಾರಾವಾಹಿ ಇದೆಯಲ್ಲ, ಅದರ ಟೈಟಲ್ ಸಂಗೀತ ಹಾಕಿ. ಕೇಳಿದವರಿಗೆಲ್ಲ ಮನಸ್ಸು ಕರಗುತ್ತದೆ.

ಕರಿ ಕೋಟು

ಅದನ್ನು ಹಾಕಬೇಡಿ. ಮಾಲ್ಗುಡಿ ಡೇಸ್ 1986ರಲ್ಲಿ ಬಂದದ್ದು. ಅದರ ಸಂಗೀತ ಎಲ್. ವೈದ್ಯನಾಥನ್ ಅವರದು. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಸಂಗೀತ, ಸಾಹಿತ್ಯದ ಹಕ್ಕು ಅದನ್ನು ಮಾಡಿದವರ ಜೀವಮಾನ ಮತ್ತು ಆಮೇಲೆ 60 ವರ್ಷ ಇರುತ್ತದೆ. ಧ್ವನಿಮುದ್ರಿಕೆಯ ಹಕ್ಕು ಬೇರೆ, ಅದು ಪ್ರಕಟವಾದ ಮೇಲೆ 60 ವರ್ಷ. ಜನ ಇಲ್ಲೇ ಎಡವುತ್ತಾರೆ. ರೆಕಾರ್ಡ್ ಹಳೆಯದು, 60 ವರ್ಷ ಆಯಿತು ಅಂತ ಧೈರ್ಯ ಮಾಡುತ್ತಾರೆ. ಆದರೆ ಹಾಡು ಬರೆದವರು, ರಾಗ ಹಾಕಿದವರು ತೀರಿಕೊಂಡು 60 ವರ್ಷ ಆಗಿರುವುದಿಲ್ಲ. ನೀವೇ ಹಾಡಿ ರೆಕಾರ್ಡ್ ಮಾಡಿದರೂ ಆ ಹಕ್ಕು ಹೋಗುವುದಿಲ್ಲ. ಮನೆಯಲ್ಲಿ ಗುನುಗುವುದು ಬೇರೆ, ವ್ಯಾಪಾರದ ಜಾಹೀರಾತು ಬೇರೆ.

ಚಿತ್ರಕ್ಕೂ ಇದೇ ಮಾತು. 1928ರ ಆ ಪ್ರಸಿದ್ಧ ಇಲಿ ಮಿಕ್ಕಿ ಮೌಸ್‌ನ ಮೊದಲ ಚಿತ್ರ 2024ರಿಂದ ಅಮೆರಿಕದಲ್ಲಿ ಸಾರ್ವಜನಿಕ ಆಸ್ತಿ ಆಗಿದೆ ನಿಜ. ಆದರೂ ಟ್ರೇಡ್‌ಮಾರ್ಕ್ ಇನ್ನೂ ಇದೆ. ದುಂಡು ಕಿವಿ ಹತ್ತಿರಕ್ಕೂ ಹೋಗಬೇಡಿ. ಸಿನಿಮಾ ನಟರ ದನಿ ಅನುಕರಿಸಿ ಮಾತಾಡಿಸುವುದೂ ಬೇಡ. ಟಾಕೀಸಿನಲ್ಲಿ ಇಂಟರ್‌ವಲ್ಲಿಗೆ ಹಾಕಿಸುವ ಯೋಚನೆ ಇದ್ದರೆ ಜಾಹೀರಾತಿಗೂ ಸೆನ್ಸಾರ್ ಸರ್ಟಿಫಿಕೇಟ್ ಬೇಕು, ಅದಕ್ಕೆ ಸಮಯ ಇಟ್ಟುಕೊಳ್ಳಿ.

ಸ್ವಂತದ್ದು ಮಾಡಿದರೆ ಅದು ನಿಮ್ಮ ಆಸ್ತಿ. ಬಣ್ಣದ ಕಂಪನಿಯೊಂದಕ್ಕೆ ಮೈಸೂರಿನ ಆರ್.ಕೆ. ಲಕ್ಷ್ಮಣ್ 1954ರಲ್ಲಿ ಗಟ್ಟು ಅನ್ನೋ ಹುಡುಗನನ್ನು ಬರೆದುಕೊಟ್ಟರು. ದಶಕಗಟ್ಟಲೆ ಆ ಹುಡುಗನೇ ಅಂಗಡಿ ಅಂಗಡಿಯಲ್ಲಿ ನಿಂತ. ಅಮುಲ್ ಬೆಣ್ಣೆಯ ಹುಡುಗಿ 1966ರಿಂದ ಇದ್ದಾಳೆ. ನಿಮ್ಮ ಕೊಡೆಗೂ ಒಂದು ಮುಖ, ಒಂದು ಹೆಸರು ಕೊಡಿ. ಚಿಕ್ಕಪ್ಪನ ಮಗನ ಹತ್ತಿರ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ, ಚಿತ್ರದ ಹಕ್ಕು ಅಂಗಡಿಗೆ ಅಂತ. ಮನೆಯವರಾದರೂ ಸರಿ.

ಸೊರಬದವಳು

ಲಕ್ಷ್ಮಣ್ ಹೆಸರು ಬಂದಿದ್ದಕ್ಕೆ ಹೇಳುತ್ತೇನೆ. ಆ ಧಾರಾವಾಹಿಯ ಟೈಟಲ್ಲಿನಲ್ಲಿ ಬರುವ ರೇಖಾಚಿತ್ರಗಳೂ ಅವರವೇ. ಅರಸಾಳು ರೈಲ್ವೆ ನಿಲ್ದಾಣದಲ್ಲಿ 2020ರಿಂದ ಮಾಲ್ಗುಡಿ ಮ್ಯೂಸಿಯಂ ಇದೆ. ತಾಳಗುಪ್ಪ ರೈಲಿನ ದಾರಿಯಲ್ಲೇ. ನಕಲು ಮಾಡೋಕೆ ಅಲ್ಲ, ಹಂಚಿನ ಮಾಡು, ಮರದ ಕಂಬ, ಹಳೇ ಬಾಗಿಲು ಹೇಗಿತ್ತು ಅಂತ ಕಣ್ಣಾರೆ ನೋಡಿ ಬರೆದುಕೊಳ್ಳೋಕೆ ಹೋಗಿ ಬನ್ನಿ.

ಇನ್ನೊಂದು ಆಸೆ. ಫೋನಿನ ಪರದೆ ಉದ್ದ, ಹಳೇ ಚಿತ್ರದ ಚೌಕಟ್ಟು ಹತ್ತಿರ ಹತ್ತಿರ ಚೌಕ. ಮೇಲೆ ಕೆಳಗೆ ಜಾಗ ಉಳಿಯುತ್ತದೆ. ಅಲ್ಲಿ ನಮ್ಮ ಕಡೆಯ ಹಸೆ ಚಿತ್ತಾರದ ಅಂಚು ಬರಲಿ. ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಪುಂಡಿ ನಾರಿನ ಕುಂಚದಲ್ಲಿ ಎಳೆಯುವ ಸಣ್ಣ ಗೆರೆ. ಕಪ್ಪು ಬಿಳುಪಿನಲ್ಲೂ ಆ ಗೆರೆಗಳು ಎದ್ದು ಕಾಣುತ್ತವೆ. ಆದರೆ ಅಂತರ್ಜಾಲದಿಂದ ಇಳಿಸಿಕೊಳ್ಳಬೇಡಿ. ದೀವರ ಸಮುದಾಯದ ಹೆಣ್ಣುಮಕ್ಕಳು ಮದುವೆ ಮನೆಯ ಗೋಡೆಗೆ ಬರೆಯುವ ಕಲೆ ಅದು. ಬರೆಯುವವರು ಸಾಗರ, ಸೊರಬದಲ್ಲಿ ಇದ್ದಾರೆ. ಅವರಿಂದ ಬರೆಸಿ, ದುಡ್ಡು ಕೊಡಿ, ವಿಡಿಯೊದಲ್ಲಿ ಅವರ ಹೆಸರು ಹಾಕಿ.

ಮೀಡಿಯಂ ವೇವ್, ಭದ್ರಾವತಿ

ಶಬ್ದದ ಬಗ್ಗೆ ಯಾರೂ ಹೇಳಲಿಲ್ಲ. ಅರ್ಧ ಹಳೇತನ ಇರುವುದೇ ಕಿವಿಯಲ್ಲಿ.

ಹಳೇ ಚಿತ್ರದ ಧ್ವನಿ ಯಾಕೆ ಹಾಗೆ ಕೇಳುತ್ತದೆ ಅಂದರೆ, ಆಗಿನ ಮೈಕು, ಆಗಿನ ಫಿಲ್ಮಿನ ಅಂಚಿನಲ್ಲಿದ್ದ ಧ್ವನಿಪಟ್ಟಿ ಎರಡೂ ತೀರಾ ಕೆಳಗಿನ, ತೀರಾ ಮೇಲಿನ ಸ್ವರ ಹಿಡಿಯುತ್ತಿರಲಿಲ್ಲ. ಆಡಾಸಿಟಿ ಅನ್ನೋ ಧ್ವನಿ ತಿದ್ದುವ ಉಚಿತ ಸಾಫ್ಟ್‌ವೇರಿನಲ್ಲಿ 200 ಹರ್ಟ್ಜ್ ಕೆಳಗಿನದನ್ನೂ 4000 ಹರ್ಟ್ಜ್ ಮೇಲಿನದನ್ನೂ ಕತ್ತರಿಸಿ. ಸ್ಟೀರಿಯೊ ಬೇಡ, ಮೋನೊ ಮಾಡಿ. ಇಷ್ಟಕ್ಕೇ ರೇಡಿಯೊ ಕಾಲಕ್ಕೆ ಹೋಗುತ್ತದೆ. ಚಟಪಟ ಸದ್ದು ಸೇರಿಸುವ ಆಸೆ ಎಲ್ಲರಿಗೂ ಇರುತ್ತದೆ. ಕೊಂಚವೇ ಸಾಕು, ಯಾಕೆಂದರೆ ನಿಮ್ಮಲ್ಲಿ ಮಳೆ ಇದೆ, ಎರಡೂ ಸೇರಿದರೆ ಬರೀ ಗದ್ದಲ.

ಅಂಗಡಿಯ ಸದ್ದುಗಳನ್ನೇ ರೆಕಾರ್ಡ್ ಮಾಡಿ. ಕೊಡೆ ಬಿಚ್ಚಿಕೊಳ್ಳುವ ಟಪ್, ಕಡ್ಡಿ ತಿಕ್ಕಾಡುವುದು, ತಗಡಿನ ಮೇಲೆ ಹನಿ. ಈ ಟಪ್ ಅನ್ನೇ ತಾಳ ಮಾಡಿಕೊಳ್ಳಿ. ಮೇಲೆ ಒಂದು ಹಾರ್ಮೋನಿಯಂ, ಒಂದು ಮದ್ದಳೆ. ಚಂಡೆ ಬೇಡ ಅಂತ ನನಗೆ ಅನ್ನಿಸುತ್ತದೆ. ಫೋನಿನ ಸಣ್ಣ ಸ್ಪೀಕರಿನಲ್ಲಿ ಚಂಡೆ ಬೇರೆ ಎಲ್ಲವನ್ನೂ ನುಂಗುತ್ತದೆ. ಮಾತು ಅಪ್ಪನದೇ ಇರಲಿ, ಗಿರಾಕಿ ಹತ್ತಿರ ಹೇಗೆ ಮಾತಾಡುತ್ತಾರೋ ಹಾಗೆ.

ಕೊಡೆ ಅಂಗಡಿ ಮಗಳು, ಶಿವಮೊಗ್ಗ

ಇಷ್ಟು ಪ್ರೀತಿಯಿಂದ ಬರೆದಿದ್ದೀರಿ, ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಮನೆಯಲ್ಲಿ ಕೂತು ಮಾತಾಡಿದೆವು. ಅಂದುಕೊಂಡಿದ್ದು ಹೀಗೆ.

ಶುರುವಿಗೆ ಅಂಗಡಿಯ ಹಲಗೆ ಬಾಗಿಲು. ನಮ್ಮದು ಈಗಲೂ ಹಲಗೆಯದೇ, ಒಂದೊಂದಕ್ಕೂ ಅಜ್ಜ ಸುಣ್ಣದಲ್ಲಿ ಅಂಕಿ ಬರೆದಿದ್ದರು, ಅಪ್ಪ ಅದರ ಮೇಲೇ ತಿದ್ದುತ್ತಾ ಬಂದಿದ್ದಾರೆ. ಎಂಟು ಹಲಗೆ. ಪೆಟ್ಟಿಗೊಂದು ಹಲಗೆ ತೆಗೆದರೆ ನಾಲ್ಕು ಸೆಕೆಂಡಿಗೆ ಅಂಗಡಿ ತೆರೆಯುತ್ತದೆ, ಲೆಕ್ಕ ಸರಿ ತಾನೆ? ಒಳಗೆ ನೇತು ಹಾಕಿದ ಕೊಡೆಗಳು ಆಕಳಿಸುತ್ತಾ ಏಳುತ್ತವೆ. ಬೀದಿಯಲ್ಲಿ ಕಾಲರಿಗೆ ಕೊಡೆ ಸಿಕ್ಕಿಸಿಕೊಂಡ ಅಜ್ಜ ಬರುತ್ತಾರೆ. ಅಡ್ಡ ಮಳೆ ಹೊಡೆದು ಕೊಡೆ ಉಲ್ಟಾ ಆಗುತ್ತದೆ, ಒಂದು ಕಡ್ಡಿ ಮುರಿದು ಕೈ ಥರ ಜೋತು ಬೀಳುತ್ತದೆ. ಆಮೇಲೆ ರಿಪೇರಿ.

ರಿಪೇರಿಗೆ ಹತ್ತು ಸೆಕೆಂಡು ಕೊಡೋಣ ಅಂತ ನನ್ನ ಹಠ. ಅಪ್ಪ ಕೆಲಸ ಮಾಡುವುದನ್ನು ಇವತ್ತು ಪಕ್ಕದಲ್ಲೇ ಕೂತು ನೋಡಿ ಬರೆದುಕೊಂಡೆ. ಮೊದಲು ಕೊಡೆ ಬಿಚ್ಚಿ ಟ್ಯೂಬ್‌ಲೈಟಿಗೆ ಅಡ್ಡ ಹಿಡಿಯುತ್ತಾರೆ. ಬಟ್ಟೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಚುಕ್ಕಿ ಬೆಳಕು ಕಾಣುತ್ತದೆ. ಹಾಗೇ ನಿಧಾನ ತಿರುಗಿಸುತ್ತಾರೆ, ಎಂಟೂ ಭಾಗ ಕಣ್ಣ ಮುಂದೆ ಹಾದುಹೋಗುವ ತನಕ. ಮುರಿದ ಕಡ್ಡಿ ಬಿಚ್ಚಿ, ಡಬ್ಬದಿಂದ ಅದೇ ಅಳತೆಯ ಹಳೇ ಕಡ್ಡಿ ಹುಡುಕಿ, ಕೀಲಿಗೆ ಸಣ್ಣ ತಂತಿ ಹಾಕಿ ಇಕ್ಕಳದಲ್ಲಿ ತಿರುವುತ್ತಾರೆ. ತುದಿಗೆ ಬಟ್ಟೆ ಹೊಲಿಯುವಾಗ ದಾರವನ್ನು ಮೇಣದ ಬತ್ತಿಗೆ ಎಳೆದುಕೊಳ್ಳುತ್ತಾರೆ. ಕೊನೆಗೆ ಮುಚ್ಚಿ, ಬಿಚ್ಚಿ, ಕಿವಿ ಹತ್ತಿರ ಹಿಡಿದು ಸ್ಪ್ರಿಂಗ್ ಸದ್ದು ಕೇಳುತ್ತಾರೆ. ಸದ್ದು ಸರಿ ಇಲ್ಲದಿದ್ದರೆ ಗಿರಾಕಿಗೆ ಕೊಡುವುದೇ ಇಲ್ಲ. ಇದನ್ನು ನಾನು ಚಿಕ್ಕಂದಿನಿಂದ ನೋಡುತ್ತಿದ್ದೇನೆ. ಜಾಹೀರಾತಿನಲ್ಲಿ ಇದೇ ಇರಬೇಕು. ಕೊಡೆ ಎಲ್ಲಿ ಬೇಕಾದರೂ ಸಿಗುತ್ತದೆ, ಈ ಕೈ ಕೆಲಸ ಸಿಗುವುದಿಲ್ಲ.

ಬಣ್ಣದ ಬಗ್ಗೆ ಸಾಗರದ ಅಣ್ಣ ಬೇಸರ ಮಾಡಿಕೊಳ್ಳಬೇಡಿ, ಕಪ್ಪು ಬಿಳುಪೇ ಇರಲಿ. ನಮ್ಮ ಅಂಗಡಿಯಲ್ಲಿ ರಿಪೇರಿಗೆ ಬರುವ ಕೊಡೆ ಹೆಚ್ಚಿನವು ಕರಿಯವೇ.

ಫ್ರೇಮ್ ಲೆಕ್ಕ

ಹಲಗೆ ಲೆಕ್ಕ ಸರಿ ಇದೆ. ಟ್ಯೂಬ್‌ಲೈಟಿನ ಶಾಟ್ ಇಡೀ ವಿಡಿಯೊದ ಜೀವ. ಕಪ್ಪು ಕೊಡೆ ಪರದೆ ತುಂಬ ಇರಲಿ, ಅದರಲ್ಲಿ ಬೆಳಕಿನ ಚುಕ್ಕಿಗಳು ತಿರುಗಲಿ. ಚುಕ್ಕಿಗಳು ತಾಳಕ್ಕೆ ಒಂದೊಂದಾಗಿ ಮುಚ್ಚಿಕೊಳ್ಳುತ್ತಾ ಹೋದರೆ ರಿಪೇರಿ ಆಯಿತು ಅಂತ ಮಾತಿಲ್ಲದೆ ಗೊತ್ತಾಗುತ್ತದೆ. ಬರೆಯೋಕೂ ಸುಲಭ. ಹೊಲಿಗೆಯ ಕೈ ಮಾತ್ರ ಚೆನ್ನಾಗಿ ಬರೆಯಿರಿ, ಅಲ್ಲಿ ಹೊಸ ಚಿತ್ರಗಳನ್ನು ಖರ್ಚು ಮಾಡಿ. ಬೇರೆ ಕಡೆ ಉಳಿಸಿ.

ಗೀರು, ಧೂಳು, ಕಾಳು (ಹಳೇ ಫಿಲ್ಮಿನಲ್ಲಿ ಮಿನುಗುವ ಸಣ್ಣ ಚುಕ್ಕಿಗಳು, ಗ್ರೇನ್) ಹಾಕುವ ಮುಂಚೆ ಒಂದು ಮಾತು. ಕಾಳು ಪ್ರತಿ ಫ್ರೇಮಿಗೂ ಬದಲಾಗುತ್ತದೆ. ವಾಟ್ಸಾಪ್ ಫೈಲನ್ನು ಕುಗ್ಗಿಸುವಾಗ ಆ ಬದಲಾವಣೆಗೇ ಜಾಗವೆಲ್ಲ ಖರ್ಚಾಗಿ, ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಆದ್ದರಿಂದ ಕಾಳು ಬಹಳ ಕಡಿಮೆ. ಬದಲಿಗೆ ಇಡೀ ಚಿತ್ರ ಒಂದೆರಡು ಪಿಕ್ಸೆಲ್ ಅಲುಗಾಡಲಿ, ಪ್ರೊಜೆಕ್ಟರಿನಲ್ಲಿ ಫಿಲ್ಮ್ ಅಲುಗುವಷ್ಟು. ಅದು ಕುಗ್ಗಿಸಿದರೂ ಉಳಿಯುತ್ತದೆ. ಮುಗಿದ ಮೇಲೆ ಮೊದಲು ನಿಮಗೇ ವಾಟ್ಸಾಪಿನಲ್ಲಿ ಕಳಿಸಿಕೊಂಡು, ಅಪ್ಪನ ಫೋನಿನಲ್ಲಿ ನೋಡಿ.

ಕುಂಚ ಮತ್ತು ದಾರ, ಸಾಗರ

ಬೇಸರ ಏನಿಲ್ಲ, ಕಾರಣ ಒಪ್ಪುವಂಥದ್ದು. ಅಂಗಡಿ ಹೆಸರು, ವಿಳಾಸ ಎರಡನ್ನೂ ನಾನೇ ಕುಂಚದಲ್ಲಿ ಬರೆದು ಕೊಡುತ್ತೇನೆ. ದುಡ್ಡಿನ ಮಾತು ಬೇಡ, ನನ್ನ ಎರಡು ಕೊಡೆ ರಿಪೇರಿಗೆ ಬಾಕಿ ಇವೆ. ಕೊನೆಯ ಸ್ಲೈಡಿನಲ್ಲಿ ಫೋನ್ ನಂಬರ್ ಹಾಕುತ್ತೀರಾ? ಹಾಕುವುದಾದರೆ ವಿಳಾಸ ಒಂದೇ ಸಾಲಿಗೆ ಇಳಿಸಬೇಕು, ಇಲ್ಲದಿದ್ದರೆ ಅಕ್ಷರ ಸಣ್ಣ ಆಗುತ್ತದೆ.

ಕೊಡೆ ಅಂಗಡಿ ಮಗಳು, ಶಿವಮೊಗ್ಗ

ಕೊಡೆಗಳನ್ನು ಖಂಡಿತ ತನ್ನಿ. ನಂಬರ್ ಬೇಡ ಅಂತಾರೆ ಅಪ್ಪ, ಫೋನ್ ಬಂದರೆ ಕೈಯಲ್ಲಿರುವ ಸೂಜಿ ಕೆಳಗಿಡಬೇಕಂತೆ. ಹೆಸರು ಒಂದು ಸಾಲು, "ಗಾಂಧಿ ಬಜಾರ್, ಶಿವಮೊಗ್ಗ" ಒಂದು ಸಾಲು, ಅದರ ಕೆಳಗೆ "ಹಳೇ ಕೊಡೆ ಸರಿ ಮಾಡಿಕೊಡುತ್ತೇವೆ". ಮೂರನೇ ಸಾಲು ಎಲ್ಲಕ್ಕಿಂತ ದೊಡ್ಡದಾಗಿ ಬರೆಯಿರಿ.